ಎರಡು ಮೊಳ ಫಿಲ್ಮು

ಕಳೆದ ವಾರ ಮೊಮ್ಮಗಳು ಕಿಟಕಿಯ ಬಳಿ ಕೂತು ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು. ಸೀಸೆಯ ಮುಚ್ಚಳ ತೆಗೆದದ್ದೇ ತಡ, ಕಳಿತ ಬಾಳೆಹಣ್ಣಿನಂಥ ಘಾಟು ಮನೆ ತುಂಬ ಹರಡಿತು. ಮಗಳು ಮೂಗು ಮುಚ್ಚಿಕೊಂಡು ಒಳಗೆ ಹೋದಳು. ನಾನು ಮಾತ್ರ ಏಳಲಿಲ್ಲ. ಅದು ನಮ್ಮ ಪಕ್ಕದ ಮನೆಯ ಅಜ್ಜನ ವಾಸನೆ...

ಇಳಕಲ್ಲಿನ ನಮ್ಮ ಓಣಿಯಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ನೆಲದ ಗುಂಡಿಗೆ ಕಾಲು ಇಳಿಬಿಟ್ಟು ಕೂರುವ ಕುಣಿಮಗ್ಗದಲ್ಲಿ ಸೀರೆ ನೇಯುವುದು ಅವರ ಕಸುಬು. ಓಣಿಯವರ ಮುರಿದ ಬಾಚಣಿಕೆ, ಕನ್ನಡಕದ ಕಟ್ಟು ಅಂಟಿಸಿಕೊಡುವುದು ಖಯಾಲಿ. ಅದಕ್ಕೆಂದೇ ತಾವೇ ಕಲಸಿದ ಅಂಟಿನ ಸೀಸೆ ಮಗ್ಗದ ಪಕ್ಕದ ಗೂಡಿನಲ್ಲಿರುತ್ತಿತ್ತು. ಅಂಟಿಸಿದ ಮೇಲೆ, ಎಲ್ಲಿ ಮುರಿದಿತ್ತು ಹುಡುಕು ಎಂದು ನಮ್ಮ ಕೈಗೇ ಕೊಡುತ್ತಿದ್ದರು. ಸಿಗದಿದ್ದರೆ ಮೀಸೆಯೊಳಗೇ ನಗು. ಸ್ವಲ್ಪ ಜಂಬದ ಮನುಷ್ಯ, ಸುಳ್ಳೇಕೆ ಹೇಳಲಿ.

ಅಂಟು ಕಲಸುವುದನ್ನು ಅವರು ಕಲಿತದ್ದು ಊರೂರು ತಿರುಗುವ ಸಿನೆಮಾ ತಂಬಿನಲ್ಲಿ. ಇಪ್ಪತ್ತೆರಡರ ಹರೆಯದಲ್ಲಿ ಅಪ್ಪನ ಜೊತೆ ಜಗಳ ತೆಗೆದು, ಹುನಗುಂದದಲ್ಲಿ ಬೀಡುಬಿಟ್ಟಿದ್ದ ತಂಬನ್ನು ಸೇರಿದ್ದರಂತೆ. ಸೀರೆಯ ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಒಂದೊಂದಾಗಿ ಸಿಕ್ಕಿಸಿ ಕೂಡಿಸುವ ಇಳಕಲ್ಲಿನ ಕೈಗೆ ಹರಿದ ಫಿಲ್ಮು ಜೋಡಿಸುವುದು ಯಾವ ಲೆಕ್ಕ?

ಆ ತಂಬಿನಲ್ಲಿ ತೋರಿಸಿದ ಒಂದು ಕೊಲೆಯ ಚಿತ್ರದ ಕಥೆಯನ್ನು ನಮಗೆ ಎಷ್ಟೋ ಸಲ ಹೇಳಿದ್ದಾರೆ. ಮೂಕಿ ಚಿತ್ರಗಳು ಮುಗಿದು ಮಾತಿನವು ಶುರುವಾಗುತ್ತಿದ್ದ ಕಾಲದ್ದು. ಉಳಿದದ್ದೆಲ್ಲ ಮೂಕ, ಕೊನೆಯ ಸುರುಳಿಯಲ್ಲಿ ಮಾತ್ರ ಹಿಂದೂಸ್ತಾನಿ ಮಾತು. ದೊಡ್ಡ ವಾಡೆ, ಕುರ್ಚಿಯಲ್ಲೇ ಸತ್ತು ಬಿದ್ದ ಜಹಗೀರದಾರ, ಅನುಮಾನ ಇಬ್ಬರ ಮೇಲೆ: ಅವನ ತಮ್ಮ, ಇಲ್ಲವೇ ತೋಟದ ಮಾಲಿ. ಅಜ್ಜ ಬಾಗಿಲು ಕಿರುಗುಟ್ಟುವುದನ್ನೂ ಬಾಯಲ್ಲೇ ಮಾಡುತ್ತಿದ್ದರು. ನಾವು ಉಸಿರು ಬಿಗಿಹಿಡಿದು, ಕೊಂದವರು ಯಾರು ಅಜ್ಜಾ, ಎಂದರೆ ಮಾತ್ರ ಮುಖ ಬಾಡುತ್ತಿತ್ತು. ಎದ್ದು ಮಗ್ಗಕ್ಕೆ ಇಳಿದುಬಿಡುತ್ತಿದ್ದರು.

ನಾನು ಹುನಗುಂದದ ಕಾಲೇಜಿಗೆ ಹೋಗತೊಡಗಿದ ಮೇಲೆ ಕಮತಗಿಯ ಗೆಳತಿಯೊಬ್ಬಳು ಸಿಕ್ಕಳು. ಅವಳ ಮನೆಯೆದುರು ಸ್ಟೋವ್ ರಿಪೇರಿ ಮಾಡುವ ಮುದುಕರೊಬ್ಬರಿದ್ದರು. ಹಿಂದೆ ಸಿನೆಮಾ ತಂಬಿನಲ್ಲಿ ಮಷೀನು ನಡೆಸುತ್ತಿದ್ದರಂತೆ. ಅಜ್ಜನಿಗೆ ಖುಷಿಯಾದೀತೆಂದು ಬಂದವಳೇ ಹೇಳಿದೆ.

ಅಜ್ಜ ಲಾಳಿ ನಿಲ್ಲಿಸಿದರು. "ಎಡಗೈ ಕಿರಿಬೆಳ್ಳು ಸುಟ್ಟೈತೇನು ಅವಂದು?"

"ಹೌದಂತರಿ ಅಜ್ಜಾ."

"ಹಂಗಾರ... ಜೀವಂತ ಇದ್ದಾನ."

ಅವತ್ತು ಎಲ್ಲ ಹೇಳಿದರು. ಕೊನೆಯ ಸುರುಳಿಯ ಮಾತು ಫಿಲ್ಮಿನಲ್ಲಿ ಇರುತ್ತಿರಲಿಲ್ಲ, ಬೇರೆಯೇ ಒಂದು ತಟ್ಟೆಯಿಂದ ಬರುತ್ತಿತ್ತು, ಗ್ರಾಮೊಫೋನಿನ ಹಾಗೆ. ಅದಕ್ಕೇ ಮಷೀನಿನವರು, ಅಂದರೆ ಈ ಕಮತಗಿಯ ಮುದುಕರೇ, ತಾಕೀತು ಮಾಡಿದ್ದರು: ಫಿಲ್ಮು ಕೆಟ್ಟರೆ ಅಷ್ಟೇ ಉದ್ದದ ಕರಿ ಪಟ್ಟಿ ಸೇರಿಸಬೇಕು, ಒಂದು ಬೆರಳೂ ಕಡಿಮೆಯಾಗಬಾರದು. ಒಂದು ಮಧ್ಯಾಹ್ನ ಅವರು ಊಟಕ್ಕೆ ಹೋದಾಗ, ಕೊನೆಯ ಸುರುಳಿಯಲ್ಲಿ ಎರಡು ಮೊಳದಷ್ಟು ಫಿಲ್ಮಿನ ಅಂಚು ಹರಿದದ್ದು ಅಜ್ಜನ ಕಣ್ಣಿಗೆ ಬಿತ್ತು.

"ನೇಕಾರನ ಮಗ ಕರಿ ತ್ಯಾಪಿ ಹಚ್ಚೂದಾ? ಮಂದಿ ಏನಂದಾರು ಅನಿಸ್ತವ್ವಾ ನನಗ."

ಕೆಟ್ಟದ್ದನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಗೆರೆ ಕಾಣದ ಹಾಗೆ ಕೂಡಿಸಿಬಿಟ್ಟರು. ತೆಗೆದದ್ದರಲ್ಲಿ ಇದ್ದದ್ದು ಜಹಗೀರದಾರನ ತಮ್ಮನ ಮುಖ. ಫಿಲ್ಮು ಗಿಡ್ಡವಾಯಿತು, ತಟ್ಟೆಯ ಮಾತು ಮಾತ್ರ ಅಷ್ಟೇ ಉದ್ದ ಉಳಿಯಿತು. ಸಂಜೆಯ ಆಟದಲ್ಲಿ "ನಾನೇ ಕೊಂದೆ" ಎಂಬ ಮಾತು ತಟ್ಟೆಯಿಂದ ಹೊರಟಾಗ ಪರದೆಯ ಮೇಲೆ ಬಾಯಿ ತೆರೆದು ನಿಂತಿದ್ದವನು ಮಾಲಿ! ಅಲ್ಲಿಂದ ಮುಂದೆ ಒಬ್ಬರ ಮಾತು ಇನ್ನೊಬ್ಬರ ಬಾಯಿಗೆ. ಜನ ಮಾಲಿಗೆ ಬೈದು, ಆಮೇಲೆ ಗೊಂದಲಕ್ಕೆ ರೇಗಿ ಪರದೆಗೆ ಚಪ್ಪಲಿ ತೂರಿದರು. ತಂಬಿನ ಸಾಹುಕಾರ ಹಿಡಿದದ್ದು ಮಷೀನಿನವರನ್ನು. ಕುಡಿದು ನಡೆಸಿದ್ದೀಯ ಎಂದು ಎಲ್ಲರ ಮುಂದೆ ಬೈದು ಅಲ್ಲಿಂದಲೇ ಓಡಿಸಿದ.

"ಅವ ನನ್ನ ಕಡೆ ಒಮ್ಮಿ ನೋಡಿದ. ನಾ ನೆಲಾ ನೋಡಿದೆ," ಎಂದರು ಅಜ್ಜ. ಅಷ್ಟು ಹೇಳಲು ಅವರಿಗೆ ಐವತ್ತು ವರ್ಷ ಹಿಡಿದಿತ್ತು. ವಾರ ಕಳೆಯುವುದರೊಳಗೆ ತಂಬು ಬಿಟ್ಟು ಮಗ್ಗಕ್ಕೆ ಮರಳಿದ್ದರು. ಒಂದು ಬದುಕು ಹಾಳು ಮಾಡಿದೆ ಎಂಬ ಕೊರಗು ಮಾತ್ರ ಬಿಟ್ಟಿರಲಿಲ್ಲ.

ಭಾನುವಾರ ಇಸ್ತ್ರಿ ಮಾಡಿದ ಧೋತರ ಉಟ್ಟು, ರುಮಾಲು ಸುತ್ತಿ ನನ್ನ ಜೊತೆ ಬಸ್ಸು ಹತ್ತಿದರು. ಕೈಯಲ್ಲೊಂದು ತಗಡಿನ ಡಬ್ಬಿ. ಕಮತಗಿಯಲ್ಲಿ ಇಳಿದಾಗ, ತಿರುಗಿ ಹೋಗೋಣ ಎಂದೂ ಒಮ್ಮೆ ಅಂದರು. ನಾನು ಕೇಳಿಸದವಳಂತೆ ಮುಂದೆ ನಡೆದೆ.

ಮುದುಕರು ಕಟ್ಟೆಯ ಮೇಲೆ ಕೂತು ಸ್ಟೋವಿಗೆ ಗಾಳಿ ಹಾಕುತ್ತಿದ್ದರು. ಅಜ್ಜ ಕೂರಲೂ ಇಲ್ಲ. "ಅವತ್ತು ಫಿಲ್ಮ ಕತ್ತರಿಸಿದಾಂವ ನಾ," ಎಂದರು.

ಮುದುಕರು ಅಜ್ಜನನ್ನು ಮೇಲಿನಿಂದ ಕೆಳಗೆ ನೋಡಿದರು. "ಗೊತ್ತಿತ್ತಲೇ. ಸಾಹುಕಾರ ಬರೂದ್ರೊಳಗ ಜೋಡಣಿ ಎಲ್ಲೈತಿ ಅಂತ ಸುರುಳಿ ದೀಪಕ್ಕ ಹಿಡದು ಹುಡುಕಿದೆ, ಸಿಗಲಿಲ್ಲ. ಸಿಗಲಿಲ್ಲಂದ ಮ್ಯಾಲೆ ಅದು ನಿಂದ."

"ಮತ್ತ ಸಾಹುಕಾರಗ ಯಾಕ ಹೇಳಲಿಲ್ಲ?"

"ಹೇಳಿದ್ರ ಇಬ್ಬರನೂ ಹೊರಗ ಹಾಕತಿದ್ದ. ಸಿಟ್ಟು ಬರಲಿಲ್ಲ ಅಂತಲ್ಲ, ಕಮತಗಿ ಮುಟ್ಟೂತನಕಾ ನಿನ್ನ ಬೈಕೋಂತನ ಬಂದೆ. ಆಮ್ಯಾಲೆ ಬಾಗಲಕೋಟಿ ಥೇಟರದಾಗ ಕೆಲಸಾ ಸಿಕ್ತು. ಮೂವತ್ತು ವರ್ಷ ಮಷೀನ ನಡಿಸಿದೆ, ಲಗ್ನ ಆದೆ, ಮೂರು ಮಕ್ಕಳು. ನೀ ಕತ್ತರಿಸದಿದ್ರ ಇನ್ನೂ ಆ ತಂಬಿನ ಗೂಟಾನ ಬಡೀತಿದ್ದೆ. ಕುಂದರಲೇ, ಚಾ ಕುಡಿ."

ಆಗ ಅಜ್ಜ ಕೂತರು. ರುಮಾಲು ತೆಗೆದು ಕಣ್ಣೊರೆಸಿಕೊಂಡರು. ಅವರ ಎದೆಯ ಭಾರ ಇಳಿದದ್ದು ನನ್ನ ಎದೆಗೂ ತಿಳಿಯಿತು. ಆಮೇಲೆ ಡಬ್ಬಿ ತೆರೆದರು. ಒಳಗಿದ್ದದ್ದು ಅದೇ ಎರಡು ಮೊಳ ಫಿಲ್ಮು. ಮುದುಕರು ಬಿಸಿಲಿಗೆ ಹಿಡಿದು ನನ್ನನ್ನು ಕರೆದರು: "ನೋಡ್ರಿ ತಂಗಿ, ಕೊಂದಾಂವ ಇವ." ಬೆರಳುಗುರಿನಷ್ಟು ಚೌಕದೊಳಗೆ ಬಾಯಿ ತೆರೆದು ನಿಂತಿದ್ದ, ಜಹಗೀರದಾರನ ತಮ್ಮ.

ತಿರುಗಿ ಬರುವ ಬಸ್ಸಿನಲ್ಲಿ ಅಜ್ಜನ ಬಾಯಿಗೆ ಬೀಗವೇ ಇರಲಿಲ್ಲ. ಪಕ್ಕದಲ್ಲಿ ಕೂತವರಿಗೆ ಇಡೀ ಕಥೆ ಹೇಳಿ, "ಮಾಲಿ ಕೊಂದಿಲ್ಲರೀ!" ಎಂದು ಮುಗಿಸಿದಾಗ ಕಂಡಕ್ಟರ್ ಕೂಡ ತಿರುಗಿ ನೋಡಿದ.

ಇಬ್ಬರೂ ಹೋಗಿ ವರ್ಷಗಳಾದವು. ಡಬ್ಬಿ ನನಗೆ ಬಂತು. ತುಂಬ ದಿನಗಳ ಮೇಲೆ ತೆರೆದರೆ ಒಳಗೆ ಕಂದು ಪುಡಿಯಷ್ಟೇ ಇತ್ತು. ಹಳೆಯ ಚಿತ್ರಗಳನ್ನು ಬಲ್ಲವರನ್ನು ಕೇಳಿದೆ. ಅಂಥದೊಂದು ಚಿತ್ರದ ಸುದ್ದಿಯೇ ಯಾರಿಗೂ ಇಲ್ಲ...

ಮೊಮ್ಮಗಳಿಗೆ ಇದನ್ನೆಲ್ಲ ಹೇಳುತ್ತ, ಅಜ್ಜ ನಿಲ್ಲಿಸುತ್ತಿದ್ದ ಜಾಗದಲ್ಲಿ ನಾನು ನಿಲ್ಲಿಸಲಿಲ್ಲ. ಕೊಂದವನು ತಮ್ಮ, ನಾನೇ ಕಣ್ಣಾರೆ ನೋಡಿದ್ದೇನೆ ಎಂದೆ. ಅವಳು ಒದ್ದೆ ಉಗುರುಗಳನ್ನು ಊದುವುದು ನಿಲ್ಲಿಸಿ, "ಪಾಪ, ಮಾಲಿ," ಎಂದಳು. ಈ ಮಾತು ಕೇಳಲು ಅಜ್ಜ ಇರಬೇಕಿತ್ತು.