ಟಗರು ಕೊಳ್ಳಲು ಹೋಗಿ ಸ್ಕ್ಯಾನಿಂಗ್ ಮಾಡಿಸಿಕೊಂಡು ಬಂದದ್ದು

ಹೊಸದುರ್ಗದಿಂದ ಹಿರಿಯೂರಿನ ಕುರಿ ಸಂತೆಗೆ ಹೋಗುವವರು ಬೆಳಿಗ್ಗೆ ಐದೂವರೆಯ ಬಸ್ಸನ್ನೇ ಹಿಡಿಯಬೇಕು. ಒಂದು ಗಂಟೆ ತಡವಾದರೂ ಒಳ್ಳೆಯ ಟಗರುಗಳು ಕೈ ಬದಲಾಯಿಸಿರುತ್ತವೆ, ಉಳಿದವನ್ನು ನಿಮ್ಮ ತಲೆಗೆ ಕಟ್ಟುತ್ತಾರೆ. ನಾನು ಹೋಟೆಲಿನಲ್ಲಿ ಲೋಟ ತೊಳೆದು ಕೂಡಿಸಿದ ದುಡ್ಡಿಗೆ ನಾಲ್ಕು ಮರಿ ಕೊಂಡು ವ್ಯಾಪಾರ ಶುರು ಮಾಡಿದವನು. ಈಗ ನನಗೆ ಮೂವತ್ತಾರು ವರ್ಷ. ಆವತ್ತು ಬಾಗೂರಿನ ಗಿರಾಕಿಯೊಬ್ಬರಿಗೆ ಹಿಂಡಿಗೆ ಬಿಡಲು ಆರು ಬೀಜದ ಟಗರು ಬೇಕಾಗಿದ್ದವು, ಐದು ದಿನದೊಳಗೆ ತಲುಪಿಸುತ್ತೇನೆ ಎಂದು ಮಾತು ಕೊಟ್ಟಿದ್ದೆ.

ಬಸ್ಸಿನ ನಡುವಿನ ಸೀಟಿನಲ್ಲಿ ಕೂತೆ. ಹಿಂದಿನ ಸೀಟಿನಲ್ಲಿ ಕುಲುಕಾಟ ಜಾಸ್ತಿ, ನನಗೆ ಆಗ ಕುಲುಕಾಟ ಆಗಿಬರುತ್ತಿರಲಿಲ್ಲ. ಎಡಗಡೆಯ ವೃಷಣದಲ್ಲಿ ಒಂದು ಗಂಟು ಎದ್ದು ಎರಡು ತಿಂಗಳಾಗಿತ್ತು. ಸ್ನಾನ ಮಾಡುವಾಗ ಕೈಗೆ ಸಿಕ್ಕಿದ್ದು. ಗಟ್ಟಿ ಇತ್ತು, ನೋವಿರಲಿಲ್ಲ, ಬರೀ ಭಾರ. ಹೆಂಡತಿಗೂ ಹೇಳಿರಲಿಲ್ಲ. ಮೊದಲು ಉಷ್ಣ ಅಂದುಕೊಂಡು ಮಜ್ಜಿಗೆ ಕುಡಿದೆ. ಆಮೇಲೆ ಬೈಕಿನ ಸೀಟಿನ ಮೇಲೆ ತಪ್ಪು ಹೊರಿಸಿ ಸ್ಪಂಜು ಹಾಕಿಸಿದೆ. ಸಂಕ್ರಾಂತಿ ಕಳೆಯಲಿ ಎಂದೆ, ಕಳೆಯಿತು. ಈ ಲೋಡು ಮುಗಿಯಲಿ ಎನ್ನುತ್ತಿದ್ದೆ.

ಮಾರಿಕಣಿವೆ ಡ್ಯಾಮಿನ ಹತ್ತಿರ ಬರುವಷ್ಟರಲ್ಲಿ ಬೆಳಕು ಹರಿದಿತ್ತು. ಅಲ್ಲಿ ಇಬ್ಬರು ಹೆಂಗಸರು ಮೀನಿನ ಬುಟ್ಟಿ ಹತ್ತಿಸಿದರು, ಕಂಡಕ್ಟರ್ ಗೊಣಗಿದ. ಮೀನು ಬೇಕಿದ್ದವರು ಅಲ್ಲೇ ಇಳಿದು ಕೊಳ್ಳಿ. ಅದೇ ಬುಟ್ಟಿ ಹಿರಿಯೂರು ತಲುಪಿದರೆ ರೇಟು ಬೇರೆ.

ಸಂತೆಯಲ್ಲಿ ನನ್ನ ಕಣ್ಣು ಬಿದ್ದದ್ದು ಒಂದು ಕಂದು ಟಗರಿನ ಮೇಲೆ. ಎದೆ ಅಗಲ, ಕೊಂಬು ಎರಡು ಸುತ್ತು. ಮಾಲೀಕ ಕರಿಯಜ್ಜ, ಹೆಗಲ ಮೇಲೆ ಕಂಬಳಿ. ಕುರಿ ಸಂತೆಯಲ್ಲಿ ನಮ್ಮ ಚೌಕಾಸಿ ಬಾಯಲ್ಲಿ ನಡೆಯುವುದಿಲ್ಲ, ಟವಲಿನ ಕೆಳಗೆ ನಡೆಯುತ್ತದೆ. ಒಬ್ಬರ ಕೈ ಮೇಲೆ ಟವಲು ಹಾಕಿ, ಒಳಗೆ ಬೆರಳು ಹಿಡಿದು ರೇಟು ಹೇಳುತ್ತೇವೆ. ಒಂದು ಬೆರಳಿಗೆ ಒಂದು ಸಾವಿರ. ಪಕ್ಕದಲ್ಲಿ ನಿಂತವನಿಗೆ ಏನೂ ತಿಳಿಯಬಾರದು. ಅಜ್ಜ ನನ್ನ ಬೆರಳು ಹಿಡಿದ, ನಾನು ಎರಡು ಬಿಡಿಸಿಕೊಂಡೆ, ಅವನು ಒಂದನ್ನು ಮತ್ತೆ ಹಿಡಿದ. ವ್ಯಾಪಾರ ಕುದುರುವ ಹಂತಕ್ಕೆ ಬಂತು.

ರೇಟು ಕುದುರಿದ ಮೇಲೆ, ದುಡ್ಡು ಎಣಿಸುವ ಮುಂಚೆ, ಟಗರಿನ ಬೀಜ ಹಿಡಿದು ನೋಡಬೇಕು. ಇದನ್ನು ಮರೆತವರು ಕೆಟ್ಟಿದ್ದಾರೆ. ಎರಡೂ ಒಂದೇ ಅಳತೆ ಇರಬೇಕು, ಒತ್ತಿದರೆ ಸಮನಾಗಿ ಬಿಗಿಯಾಗಿರಬೇಕು. ಬಲಗಡೆಯದು ಸರಿ ಇತ್ತು. ಎಡಗಡೆಯದರಲ್ಲಿ ಬೆರಳು ನಿಂತಿತು.

"ಅಜ್ಜ, ಇದ್ರಾಗೆ ಗಂಟೈತಲ್ಲ?"

"ಅದಾ? ನೋವೇನಿಲ್ಲ ಕಣಪ್ಪ ಅದುಕ್ಕೆ. ನೋಡು, ಎಂಗೆ ಜಿಗಿತೈತೆ!"

"ಯಾವಾಗಿಂದ?"

"ದೀಪಾವಳಿಗೆ ಕಂಡಿತ್ತು. ಕಡ್ಲೆಕಾಳಿನಷ್ಟಿತ್ತು. ಕರಗ್ತೈತೆ ಅಂತ ಬಿಟ್ಟಿದ್ದೆ."

ಈಗ ಅದು ಅಡಿಕೆಯಷ್ಟಿತ್ತು. ನಾನು ಕೈ ತೆಗೆಯಲಿಲ್ಲ. ಈ ಗಟ್ಟಿತನ ನನ್ನ ಬೆರಳಿಗೆ ಪರಿಚಯದ್ದು, ಹಿಂದಿನ ದಿನ ಸ್ನಾನದ ಮನೆಯಲ್ಲಿ ಮುಟ್ಟಿದ್ದೇ ಇದು. ಅಜ್ಜ ಹೇಳಿದ ಸಮಾಧಾನವೂ ನಾನು ಎರಡು ತಿಂಗಳು ಹೇಳಿಕೊಂಡದ್ದೇ.

"ಏನಪ್ಪ, ಕೊಳ್ತೀಯೋ, ಇಲ್ಲ ಹಿಡಕಂಡು ಪೂಜೆ ಮಾಡ್ತೀಯೋ?" ಎಂದ ಅಜ್ಜ. ಸುತ್ತ ನಿಂತವರು ನಕ್ಕರು.

"ಬ್ಯಾಡಜ್ಜ. ಪಶು ಆಸ್ಪತ್ರೆಗೆ ಹೊಡಕಂಡು ಹೋಗು. ಇವತ್ತೇ ಹೋಗು."

ಅಜ್ಜನಿಗೆ ಸಲೀಸಾಗಿ ಹೇಳಿಬಿಟ್ಟೆ. ಸಂತೆಯ ಗೇಟಿನ ಹತ್ತಿರ ಟೀ ಕುಡಿದೆ, ಎರಡನೆಯದನ್ನೂ ಕುಡಿದೆ. ಆವತ್ತು ಒಂದು ಟಗರನ್ನೂ ಕೊಳ್ಳದೆ ಸಂತೆಯಿಂದ ಹೊರಗೆ ಬಂದೆ. ವ್ಯಾಪಾರ ಹಿಡಿದ ಮೇಲೆ ಅದು ಮೊದಲ ಸಲ.

ಮೇನ್ ರೋಡಿನಲ್ಲಿ ಮೊದಲು ಕಂಡ ಕ್ಲಿನಿಕ್ಕಿಗೆ ಹೋದೆ. ಒಳಗಿದ್ದವರು ಲೇಡಿ ಡಾಕ್ಟರು. ಬೆನ್ನು ನೋವು ಎಂದು ಶುರು ಮಾಡಿದೆ. ಅವರು ಬೆನ್ನು ಒತ್ತಿ ನೋಡಿದರು, ಏನೂ ಇರಲಿಲ್ಲ. ಆಗ ಇನ್ನೊಂದು ದಾರಿ ಹಿಡಿದೆ.

"ಮೇಡಂ, ಟಗರಿಗೆ ಬೀಜದಾಗೆ ಒಂದು ಗಂಟಾದ್ರೆ..."

"ಟಗರಿಗೆ ಪಶು ಆಸ್ಪತ್ರೆ ಇದೆ. ನಿಮಗೆ ಏನಾಗಿದೆ ಹೇಳಿ."

ಹೇಳಿದೆ. ಅವರು ಲೈಟ್ ಆರಿಸಿ ಟಾರ್ಚ್ ಹಿಡಿದು ನೋಡಿದರು. ನೀರು ತುಂಬಿ ಊದಿದ್ದರೆ ಬೆಳಕು ಒಳಗೆ ಹಾಯುತ್ತದಂತೆ. ನನಗೆ ಹಾಯಲಿಲ್ಲ. ಗಂಟು ಪಕ್ಕದ ನಾಳದಲ್ಲಿ ಅಲ್ಲ, ವೃಷಣದಲ್ಲೇ ಇದೆ ಎಂದರು. ಎರಡು ನಿಮಿಷದ ಕೆಲಸ. ಅದಕ್ಕೆ ಎರಡು ತಿಂಗಳು ನಾಚಿಕೊಂಡಿದ್ದೆ.

"ನೋವಿಲ್ಲ ಮೇಡಂ," ಎಂದೆ.

"ನೋವಿಲ್ಲ ಅಂತ ಸುಮ್ಮನೆ ಬಿಡೋ ಹಾಗಿಲ್ಲ. ನೋವಿಲ್ಲದ ಗಟ್ಟಿ ಗಂಟನ್ನೇ ಮೊದಲು ತೋರಿಸಬೇಕು. ಸ್ಕ್ಯಾನಿಂಗ್ ಆಗಬೇಕು, ಯೂರಾಲಜಿ ಡಾಕ್ಟರು ನೋಡಬೇಕು."

"ಮುಂದಿನ ವಾರ ಹೋಗ್ತೀನಿ. ಒಂದು ಲೋಡು ಐತೆ."

"ಚಿತ್ರದುರ್ಗಕ್ಕೆ ಬಸ್ಸು ಎಷ್ಟೊತ್ತಿಗೊಂದಿದೆ?"

"ಕಾಲು ಗಂಟೆಗೊಂದು."

"ಹಾಗಾದರೆ ನಿಮಗೆ ಕಾಲು ಗಂಟೆ ಟೈಮು," ಎಂದು ಚೀಟಿ ಬರೆದು ಕೈಗಿಟ್ಟರು.

ಹಿರಿಯೂರಿನಿಂದ ದುರ್ಗಕ್ಕೆ ನಲವತ್ತು ಕಿಲೋಮೀಟರ್, ಹೈವೇಯಲ್ಲಿ ಒಂದು ಗಂಟೆ ಸಾಕು. ಬಿಸಿಲು ಏರಿತ್ತು. ದುರ್ಗ ಹತ್ತಿರವಾದಂತೆ ಗುಡ್ಡದ ಮೇಲಿನ ಗಾಳಿ ಫ್ಯಾನುಗಳು ಕಂಡವು, ಕೆಲವು ತಿರುಗುತ್ತಿದ್ದವು, ಕೆಲವು ನಿಂತಿದ್ದವು. ಬಸ್ ಸ್ಟ್ಯಾಂಡಿನಿಂದ ಆಸ್ಪತ್ರೆಗೆ ಆಟೋದವನು ನೂರು ಎಂದ, ಅರವತ್ತಕ್ಕೆ ಇಳಿಸಿದೆ. ಕೈಯಲ್ಲಿ ಡಾಕ್ಟರ ಚೀಟಿ ಕಂಡರೆ ಆಟೋದವರು ರೇಟು ಇಳಿಸುವುದಿಲ್ಲ, ಜೇಬಿನಲ್ಲಿಟ್ಟುಕೊಂಡು ಮಾತಾಡಿ.

ಸ್ಕ್ಯಾನಿಂಗ್‌ಗೆ ಊಟ ಬಿಡಬೇಕಾಗಿಲ್ಲ. ತಣ್ಣನೆಯ ಅಂಟು ಸವರಿ, ಸಣ್ಣ ಯಂತ್ರವೊಂದನ್ನು ಮೇಲೆ ಆಡಿಸುತ್ತಾರೆ, ನೋಯುವುದಿಲ್ಲ. ಯಂತ್ರ ಆಡಿಸಿದವರು ಮೊದಲು ಬಿಸಿಲು ಮಳೆಯ ಮಾತಾಡುತ್ತಿದ್ದರು, ಆಮೇಲೆ ಒಂದೇ ಕಡೆ ಯಂತ್ರ ನಿಲ್ಲಿಸಿ ಅಳತೆ ತೆಗೆದರು. ರಕ್ತವನ್ನೂ ತೆಗೆದುಕೊಂಡರು. ಮೂರು ಗಂಟೆಗೆ ತಜ್ಞ ಡಾಕ್ಟರು ಕರೆದರು.

"ಕ್ಯಾನ್ಸರಾ ಸಾರ್?"

"ಇರಬಹುದು. ತೆಗೆದು ಪರೀಕ್ಷೆ ಮಾಡಿದ ಮೇಲೆ ಖಾತ್ರಿ ಹೇಳಬಹುದು."

"ಸೂಜಿ ಚುಚ್ಚಿ ನೋಡಕ್ಕಾಗಲ್ವಾ?"

"ಇಲ್ಲಿ ಹಾಗೆ ಚುಚ್ಚಬಾರದು, ಹರಡೋ ಅಪಾಯ ಇದೆ. ತೊಡೆಸಂದಿಯ ಮೇಲೆ ಕೊಯ್ದು ಆ ಒಂದನ್ನು ಪೂರ್ತಿ ತೆಗೀತೀವಿ. ಇನ್ನೊಂದು ಸರಿಯಾಗಿದೆ, ಸಾಮಾನ್ಯವಾಗಿ ಸಂಸಾರಕ್ಕೆ ಅದೇ ಸಾಕಾಗುತ್ತೆ. ಮುಂದೆ ಮಕ್ಕಳು ಬೇಕು ಅಂದರೆ ಮೊದಲೇ ವೀರ್ಯ ತೆಗೆದಿಡೋ ವ್ಯವಸ್ಥೆನೂ ಇದೆ. ಬೇಗ ಸಿಕ್ಕರೆ ಚೆನ್ನಾಗಿ ವಾಸಿಯಾಗೋ ಕಾಯಿಲೆ ಇದು."

"ಹತ್ತು ದಿನ ಕೊಡ್ರಿ ಸಾರ್."

"ಈ ವಾರ ಆಗಬೇಕು. ನಾಳೆ ಬಂದರೆ ನಾಳೆಯೇ ಅಡ್ಮಿಟ್ ಮಾಡ್ಕೋತೀನಿ."

ವಾರ ಮುಗಿಯಲು ಐದು ದಿನ ಇತ್ತು, ಹತ್ತನ್ನು ಐದಕ್ಕೆ ಇಳಿಸಿದರು ಎಂದು ಲೆಕ್ಕ ಹಾಕಿ ಹೊರಗೆ ಬಂದೆ. ಐದು ದಿನದಲ್ಲಿ ಬೇರೆ ಸಂತೆಯಿಂದ ಟಗರು ತಂದು ಬಾಗೂರಿಗೆ ತಲುಪಿಸಬಹುದಿತ್ತು.

ಹೊಸದುರ್ಗಕ್ಕೆ ವಾಪಸ್ಸು ಹೊಳಲ್ಕೆರೆ ಮೇಲೆ ಬಂದೆ. ಹೆಂಡತಿ ಗಂಗಮ್ಮ ಹೊಳಲ್ಕೆರೆಯ ತವರಿನಲ್ಲಿದ್ದಳು, ಫೋನ್ ಮಾಡಿ ಬಸ್ ಸ್ಟ್ಯಾಂಡಿಗೆ ಬರಲು ಹೇಳಿದ್ದೆ. ಅವಳ ಅಪ್ಪನೂ ಕುರಿ ವ್ಯಾಪಾರಿ. ಬ್ಯಾಗು ಹಿಡಿದು ಹತ್ತಿದವಳು ಪಕ್ಕದಲ್ಲಿ ಕೂತು, "ಟಗರು ತಗಂಡ್ರಾ?" ಎಂದಳು. ಸ್ಕ್ಯಾನಿಂಗ್ ಕವರು ಅವಳ ತೊಡೆಯ ಮೇಲಿಟ್ಟು, ಸಣ್ಣ ದನಿಯಲ್ಲಿ ಎಲ್ಲ ಹೇಳಿದೆ. ಅವಳು ಕವರು ಬಿಚ್ಚಿ ಒಳಗಿನ ಚಿತ್ರ ನೋಡಿದಳು.

"ಯಾವಾಗಿಂದ ಐತೆ?"

"ಎರಡು ತಿಂಗಳಿಂದ."

"ಟಗರಿನ ಬೀಜ ಹಿಡಿದ್ರೆ ಒಂದು ನಿಮಿಷದಾಗೆ ಹೇಳ್ತೀರಿ. ನಿಮ್ದುಕ್ಕೆ ಎರಡು ತಿಂಗಳು ಬೇಕಾತಾ ರೀ?"

ದನಿ ಏರಿತ್ತು. ಮುಂದಿನ ಸೀಟಿನವರು ತಿರುಗಿ, "ಯಾವ ಟಗರು ಯಜಮಾನ್ರೇ? ಮಾರಾದೈತಾ?" ಎಂದು ಕೇಳಿದರು. ಇಲ್ಲ ಎಂದೆ.

ಇದಾಗಿ ಐದು ತಿಂಗಳು. ತೆಗೆದದ್ದು ಕ್ಯಾನ್ಸರೇ, ಆದರೆ ಗಂಟು ಬಿಟ್ಟು ಆಚೆ ಹೋಗಿರಲಿಲ್ಲ. ಈಗ ತಪ್ಪದೆ ದುರ್ಗಕ್ಕೆ ಹೋಗಿ ರಕ್ತ, ಸ್ಕ್ಯಾನಿಂಗ್ ತೋರಿಸಿ ಬರುತ್ತೇನೆ. ನಿಮ್ಮ ಕೈಗೂ ಅಂಥದ್ದು ಸಿಕ್ಕರೆ ನೋವಿಗೆ ಕಾಯಬೇಡಿ, ಹಬ್ಬಕ್ಕೂ ಕಾಯಬೇಡಿ. ಹೆಚ್ಚಿನವು ಬೇರೆ ಏನೋ ಆಗಿರುತ್ತವಂತೆ, ಅದನ್ನು ಡಾಕ್ಟರು ಹೇಳಲಿ. ಇದ್ದಕ್ಕಿದ್ದಂತೆ ಜೋರು ನೋವು ಬಂದರಂತೂ ಆ ಗಂಟೆಯಲ್ಲೇ ಓಡಿ.

ಆವತ್ತು ಬಸ್ಸಿನಲ್ಲಿ ಹೊಳಲ್ಕೆರೆ ದಾಟಿದ ಮೇಲೆ ಗಂಗಮ್ಮ ನನ್ನ ಹೆಗಲ ಮೇಲಿನ ಟವಲು ಎಳೆದು ನಮ್ಮಿಬ್ಬರ ಕೈ ಮೇಲೆ ಹಾಸಿದಳು. ಒಳಗೆ ನನ್ನ ಕೈ ಹುಡುಕಿ ಒಂದು ಬೆರಳು ಹಿಡಿದಳು. ನಾಳೆ ಎಂದು ಅರ್ಥ. ನಾನು ಐದೂ ಬೆರಳು ಬಿಚ್ಚಿ ಅವಳ ಅಂಗೈಯಲ್ಲಿಟ್ಟೆ. ಅವಳು ನಾಲ್ಕನ್ನು ಒಂದೊಂದಾಗಿ ಮಡಿಚಿದಳು, ಉಳಿದ ಒಂದನ್ನು ಬಿಗಿಯಾಗಿ ಹಿಡಿದಳು. ಎರಡಕ್ಕಾದರೂ ಏರಿಸೋಣ ಎಂದು ಎಳೆದು ನೋಡಿದೆ, ಬಿಡಲಿಲ್ಲ.

ಬಸ್ಸು ಇಳಿದ ಮೇಲೆ ಬಾಗೂರಿನ ಗಿರಾಕಿಗೆ ಫೋನ್ ಮಾಡಿ ಟಗರು ತಡವಾಗುತ್ತದೆ ಎಂದೆ. ಆಮೇಲೆ ನಾವು ಬಂದ ಬಸ್ಸಿನ ಕಂಡಕ್ಟರನ್ನೇ ಕೇಳಿದೆ, ಬೆಳಿಗ್ಗೆ ದುರ್ಗಕ್ಕೆ ಮೊದಲ ಬಸ್ಸು ಎಷ್ಟೊತ್ತಿಗೆ ಎಂದು.