ಅಮ್ಮನ ಮಂಡಿನೋವಿನ ಪುಡಿ

ಪೀಣ್ಯದ ಲ್ಯಾಬಿನಲ್ಲಿ ನನ್ನ ಟೇಬಲ್ಲಿಗೆ ಬರುವ ಸ್ಯಾಂಪಲ್‌ಗಳಿಗೆ ಹೆಸರಿರುವುದಿಲ್ಲ. ಸರ್ಕಾರದ ಇನ್‌ಸ್ಪೆಕ್ಟರ್‌ಗಳು ಅಂಗಡಿಗಳಿಂದ ತಂದ ಗಿಡಮೂಲಿಕೆ ಪುಡಿಗಳು. ಮೇಲೊಂದು ಅರಗಿನ ಸೀಲು, ಒಂದು ನಂಬರು, ಅಷ್ಟೇ. ಯಾವ ಕಂಪನಿಯದು ಎಂದು ನಮಗೆ ಗೊತ್ತಾಗಬಾರದು. ಆದರೆ ಮೂಗಿಗೆ ಯಾರು ಸೀಲು ಹಾಕುತ್ತಾರೆ? ಆ ಮಧ್ಯಾಹ್ನ ಒಂದು ಪೊಟ್ಟಣ ಬಿಚ್ಚಿದ ಕೂಡಲೇ ಶುಂಠಿಯ ಜೊತೆ ಸುಟ್ಟ ಬೆಲ್ಲದಂಥ ವಾಸನೆ ಬಂತು. ಕಣ್ಣು ಮುಚ್ಚಿದರೆ ಜಾಲಹಳ್ಳಿಯ ನಮ್ಮ ಅಡುಗೆಮನೆ.

ಅಮ್ಮ ಬಸ್‌ಸ್ಟಾಪಿನ ಹತ್ತಿರದ ಅಂಗಡಿಯಿಂದ ಅಂಥದೇ ಪುಡಿ ತಂದು ಕುಡಿಯತೊಡಗಿ ಮೂರು ತಿಂಗಳಾಗಿತ್ತು. ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಿದ್ದವಳು ಈಗ ಮಂಜು ಕರಗುವ ಮುಂಚೆಯೇ ಚಪ್ಪಲಿ ಮೆಟ್ಟಿ ಹೊರಡುತ್ತಿದ್ದಳು. ಮಹಡಿಯಿಂದ ನೋಡುತ್ತಾ ನಿಲ್ಲುತ್ತಿದ್ದೆ. ಮರಗಳ ನೆರಳಿನಲ್ಲಿ ಅವಳ ಸೀರೆ ಮಾಯವಾಗುತ್ತಿತ್ತು, ಸ್ವಲ್ಪ ದೂರದಲ್ಲಿ ಮತ್ತೆ ಕಾಣುತ್ತಿತ್ತು. ಆ ಹೊತ್ತಿನಲ್ಲಿ ಅವಳು ನನಗಿಂತ ಚಿಕ್ಕವಳು ಅನ್ನಿಸುತ್ತಿತ್ತು. ಡಬ್ಬಿಯ ಮೇಲೆ ಲೈಸೆನ್ಸ್ ನಂಬರ್ ಇಲ್ಲದ್ದನ್ನು ನಾನು ಮೊದಲ ದಿನವೇ ನೋಡಿದ್ದೆ. ಊರವರ ಪುಡಿಯನ್ನೆಲ್ಲ ಜಾಲಾಡುವ ನಾನು ನಮ್ಮನೆಯದನ್ನು ಸುಮ್ಮನೆ ಶೆಲ್ಫಿನಲ್ಲಿ ಇಟ್ಟುಬಿಟ್ಟಿದ್ದೆ. ಅವಳು ನಡೆಯುತ್ತಿದ್ದಳಲ್ಲ, ನನಗೆ ಅದೇ ಸಾಕಾಗಿತ್ತು.

ಮಾರನೆಯ ದಿನ ಅಮ್ಮನ ಡಬ್ಬಿಯಿಂದ ಒಂದು ಚಮಚ ಪುಡಿಯನ್ನು ಕಾಗದದಲ್ಲಿ ಕಟ್ಟಿಕೊಂಡು ಹೋದೆ. ಎರಡನ್ನೂ ಮೆಷಿನ್ನಿಗೆ ಕೊಟ್ಟು ಕೂತೆ. ಅದರ ಗುಂಯ್ ಸದ್ದಿಗೆ ಅರೆನಿದ್ದೆ ಹತ್ತಿದಂತಾಗಿತ್ತು. ಪರದೆಯ ಮೇಲೆ ಎರಡರ ಗೆರೆಯೂ ಒಂದೇ ಕಡೆ ಎದ್ದಿತು. ಸ್ಟೀರಾಯ್ಡ್. ನೋವು ಮರೆಸುತ್ತದೆ, ಒಳಗೊಳಗೇ ಮೂಳೆ ತಿನ್ನುತ್ತದೆ. ರಿಪೋರ್ಟಿಗೆ ಸಹಿ ಹಾಕದಿರಲು ಒಂದು ಕಾರಣ ಹುಡುಕಿದೆ, ಸಿಗಲಿಲ್ಲ. ಹಾಕಿದೆ.

ಸಂಜೆ ಅಮ್ಮನ ಜೊತೆ ನಾನೂ ವಾಕಿಂಗ್ ಹೋದೆ. ಅವಳು ಮುಂದೆ, ನಾನು ಹಿಂದೆ. ಪಾರ್ಕಿನ ಒಂದು ಸುತ್ತು ಪೂರ್ತಿ ಮುಗಿಯಲು ಬಿಟ್ಟೆ. ಆಮೇಲೆ ಕಲ್ಲುಬೆಂಚಿನ ಮೇಲೆ ಕೂರಿಸಿ ಎಲ್ಲ ಹೇಳಿದೆ.

"ಒಂದೇ ಸಲ ನಿಲ್ಲಿಸ್ಬಾರ್ದಮ್ಮ. ನಾಳೆ ಡಾಕ್ಟರ್ ಹತ್ರ ಹೋಗೋಣ, ಅವ್ರು ನಿಧಾನಕ್ಕೆ ಬಿಡಿಸ್ತಾರೆ. ಅಂಗಡೀಲೂ ಇನ್ಮೇಲೆ ಮಾರೋ ಹಾಗಿಲ್ಲ."

ಅವಳು ತನ್ನ ಮಂಡಿಗಳನ್ನೇ ನೋಡಿಕೊಂಡು ಕೂತಳು.

"ನೀನು ಬರೆದಿದ್ರಿಂದಾನಾ?"

"ಹೂಂ."

"ಇನ್ನೊಂದ್ ತಿಂಗ್ಳು ಬಿಟ್ಟು ಬರೀಬಾರ್ದಿತ್ತೇನೇ?"

ದನಿಯಲ್ಲಿ ಸಿಟ್ಟಿರಲಿಲ್ಲ, ಸೊಪ್ಪಿನವಳ ಹತ್ತಿರ ಕೊಸರು ಕೇಳುವಂತೆ ಕೇಳಿದಳು. ನನಗೂ ಅದೇ ಆಸೆಯಾಗಿತ್ತು. ಅವಳೇ ಮೊದಲು ಎದ್ದಳು. ಕತ್ತಲಾಗುವುದರೊಳಗೆ ಇನ್ನೊಂದು ಸುತ್ತು ಹೋಗಿಬರೋಣ ಎಂದಳು.