ಲಂಡನ್ನಿನ ಗಾಜಿನ ಪೆಟ್ಟಿಗೆಯಲ್ಲಿ ಒಂದು ಕರಡಿಗೆ

ಗೋಕಾಕ ರೋಡ್ ಸ್ಟೇಶನ್ನಿನಲ್ಲಿ ನಾವು ರೈಲು ಹತ್ತಿದಾಗ ಜೊತೆಗೆ ಕಟಕ ರೊಟ್ಟಿಯ ಡಬ್ಬಿ, ಶೇಂಗಾ ಚಟ್ನಿ, ಬೀಗರು ಕಟ್ಟಿಕೊಟ್ಟ ಕರದಂಟು ಇದ್ದವು. ಹತ್ತಿಯ ವ್ಯಾಪಾರಕ್ಕಾಗಿ ನಾನು ಲಿವರ್‌ಪೂಲಿಗೆ ಹೋಗಬೇಕಾಗಿತ್ತು. “ನೀವು ಹೊಂಟ್ರ ನಾನೂ ಬರಾಕಿನ” ಎಂದು ನನ್ನ ಹೆಂಡತಿ ಪಾರವ್ವ ಹಟ ಹಿಡಿದಳು. ನಮ್ಮೂರು ಅಂಕಲಗಿಯ ಮಂದಿಯೆಲ್ಲ ನಕ್ಕರು. ನಗಲಿ ಎಂದು ಇಬ್ಬರ ಟಿಕೀಟನ್ನೂ ತೆಗೆಸಿದೆ.

ಪುಣೆಯಲ್ಲಿ ಗಾಡಿ ಬದಲಿಸಿ ಮುಂಬಯಿಗೆ, ಅಲ್ಲಿಂದ ಹಡಗಿನಲ್ಲಿ ಮಾರ್ಸೆಲ್ಸಿಗೆ, ಮತ್ತೆ ರೈಲು, ಮತ್ತೊಂದು ಸಣ್ಣ ಹಡಗು. ಲಿವರ್‌ಪೂಲಿನ ಕೆಲಸ ಮುಗಿಸಿಕೊಂಡು ಲಂಡನ್ನಿಗೆ ಬಂದಾಗ ಮಳೆ ಹಿಡಿದಿತ್ತು. ಅದೂ ಎಂಥ ಮಳೆ! ಸುರಿಯುವುದಿಲ್ಲ, ನಿಲ್ಲುವುದೂ ಇಲ್ಲ. ಹೊಗೆಯೊಂದಿಗೆ ಬೆರೆತು ಅಂಗಿಯ ಮೇಲೆ ಮಸಿ ಇಳಿಸುತ್ತದೆ. ಥೇಮ್ಸ್ ನದಿಯನ್ನು ತೋರಿಸಿದರೆ ಪಾರವ್ವ ಮೂಗು ಮುರಿದಳು. “ಇಷ್ಟಕ್ಕನ ಇವರು ಹಿಂಗ ಮೆರೀತಾರೇನ್ರಿ? ಮಳಿಗಾಲದಾಗ ನಮ್ಮ ಘಟಪ್ರಭಾ ಬಂದು ನೋಡಂತ ಹೇಳ್ರಿ.”

ನಾವು ಇಳಿದುಕೊಂಡ ಮನೆಯ ಯಜಮಾನಿ ವಾರಕ್ಕೊಮ್ಮೆ ಮಾತ್ರ ಸ್ನಾನದ ನೀರು ಕಾಯಿಸುವವಳು. ದಿನಾ ಬೇಕೆಂದು ಕೇಳಿದ್ದಕ್ಕೆ, ನಮಗೇನಾದರೂ ಚರ್ಮರೋಗವಿದೆಯೇ ಎಂದು ವಿಚಾರಿಸಿದಳು. ನನಗೆ ಮೈಯೆಲ್ಲ ಉರಿಯಿತು. ಸ್ನಾನವಿಲ್ಲದೆ ಲಿಂಗಪೂಜೆಯಿಲ್ಲ, ಲಿಂಗಪೂಜೆಯಿಲ್ಲದೆ ನಮಗೆ ಒಂದು ತುತ್ತೂ ಇಲ್ಲ. ಇದನ್ನು ಆಕೆಗೆ ಹೇಗೆ ತಿಳಿಸುವುದು? ಕಡೆಗೆ ತಣ್ಣೀರನ್ನೇ ತಲೆಯ ಮೇಲೆ ಹುಯ್ದುಕೊಂಡು, ಹಲ್ಲು ಕಟಕಟಿಸುತ್ತ ಅಂಗೈಯಲ್ಲಿ ಲಿಂಗ ಹಿಡಿದು ಕೂಡುತ್ತಿದ್ದೆವು. ಆಮೇಲೆ ಊಟವೆಂದರೆ ಉಪ್ಪಿಲ್ಲದ ಬೇಯಿಸಿದ ಬಟಾಟಿ.

ಅರಮನೆ, ಗಡಿಯಾರದ ಗೋಪುರ, ದೊಡ್ಡ ಸೇತುವೆ ಎಲ್ಲವನ್ನೂ ನೋಡಿದೆವು. ಮೋಟಾರು ಬಸ್ಸಿನ ಮಾಳಿಗೆಯ ಮೇಲೆ ಕುಳಿತು ಊರು ಸುತ್ತಿದೆವು. ಇಳಕಲ್ಲ ಸೀರೆಯುಟ್ಟ ಪಾರವ್ವನನ್ನು ಮಂದಿ ನಿಂತು ನೋಡುತ್ತಿದ್ದರು. ಆಕೆಯೂ ಬಿಡದೆ ಅವರನ್ನೇ ತಿರುಗಿ ನೋಡುತ್ತಿದ್ದಳು. ಅಲ್ಲಿಯವರೆಗೆ ಪ್ರವಾಸ ಚೆನ್ನಾಗಿಯೇ ಇತ್ತು.

ಒಂದು ಮಧ್ಯಾಹ್ನ ಮಳೆಗೆ ಹೆದರಿ ಒಂದು ದೊಡ್ಡ ವಸ್ತುಸಂಗ್ರಹಾಲಯವನ್ನು ಹೊಕ್ಕೆವು. ಹಿಂದುಸ್ಥಾನದ ಕೋಣೆಯಲ್ಲಿ ನಾನು ಕತ್ತಿಗಳನ್ನು ನೋಡುತ್ತಿದ್ದಾಗ ಪಾರವ್ವ ಕೂಗಿದಳು. “ರೀ, ಲಗೂ ಬರ್ರಿಲ್ಲೆ! ಇದು ಲಿಂಗ ಅಲ್ಲೇನ್ರಿ?”

ಹೌದು, ಲಿಂಗವೇ. ಗಾಜಿನ ಪೆಟ್ಟಿಗೆಯೊಳಗೆ ಲಿಂಗವಿಡುವ ಬೆಳ್ಳಿಯ ಕರಡಿಗೆ, ನಮ್ಮ ಕೊರಳಲ್ಲಿ ಇರುವಂಥದೇ. ಮುಚ್ಚಳ ತೆರೆದಿತ್ತು, ಒಳಗೆ ಕಪ್ಪು ಲಿಂಗ ಕುಳಿತಿತ್ತು. ಮುಂದಿನ ಚೀಟಿಯಲ್ಲಿ “ಅತ್ತರಿನ ಡಬ್ಬಿ, ದಕ್ಷಿಣ ಹಿಂದುಸ್ಥಾನ” ಎಂದು ಬರೆದಿದ್ದರು. ಕರಡಿಗೆಗೆ, ಅದನ್ನು ಕೊರಳಿಗೆ ಕಟ್ಟುವ ಶಿವದಾರ ಇನ್ನೂ ಅಂಟಿಕೊಂಡಿತ್ತು. ಅದರ ಗಂಟು ಬಿಚ್ಚಿರಲಿಲ್ಲ, ದಾರವನ್ನೇ ಕತ್ತರಿಸಿದ್ದರು.

“ಯಾರ ಕೊಳ್ಳಾಗಿಂದ ಕಿತ್ತಾರ್ರಿ ಇದನ್ನ?” ಪಾರವ್ವ ಗಾಜಿನ ಮೇಲೆ ಕೈಯಿಟ್ಟಳು. “ಸತ್ತರೂ ಅಂಗೈಯಾಗ ಲಿಂಗ ಇಟ್ಟ ಮಣ್ಣ ಕೊಡತಾರ. ಹಂಗಾರ ಇದು ಇಲ್ಲಿಗೆ ಹೆಂಗ ಬಂತು?”

ಉತ್ತರ ಇಬ್ಬರಿಗೂ ಗೊತ್ತಿತ್ತು. ಬದುಕಿದ್ದವನ ಕೊರಳಿನಿಂದ ಬಂದಿರಬೇಕು, ಇಲ್ಲವೇ ಗೋರಿಯಿಂದ. ಮೂರನೆಯ ದಾರಿಯಿಲ್ಲ. “ಒಯ್ದು ನಮ್ಮ ಮಣ್ಣಿಗೆ ಹಾಕೂನು, ಕೊಡಂತ ಕೇಳ್ರಿ. ಕೊಡಂಗಿಲ್ಲಾಂದ್ರ ಮುಚ್ಚಳಾನರ ಹಾಕಂತ ಹೇಳ್ರಿ” ಎಂದಳು.

ಅಲ್ಲಿಯ ಅಧಿಕಾರಿಯನ್ನು ಹುಡುಕಿ ಹಿಡಿದೆ. ಬಿಳಿ ಮೀಸೆಯ ಮನುಷ್ಯ, ಬಹಳ ವಿನಯ. ಕುರ್ಚಿ ಕೊಟ್ಟ. ಇದು ಅತ್ತರಿನ ಡಬ್ಬಿಯಲ್ಲ, ಒಬ್ಬ ಮನುಷ್ಯನ ಇಷ್ಟಲಿಂಗ, ಜೀವವಿರುವ ತನಕ ಮೈಮೇಲಿಂದ ತೆಗೆಯುವುದಿಲ್ಲ, ಪರರ ಕಣ್ಣಿಗೆ ಒಡ್ಡುವುದಿಲ್ಲ ಎಂದು ನನಗೆ ಬರುವ ಇಂಗ್ಲಿಷಿನಲ್ಲಿ ಹೇಳಿದೆ. ಕೇಳುತ್ತ ಕೇಳುತ್ತ ಅವನ ಮುಖ ಅರಳುತ್ತ ಹೋಯಿತು! “ಬಹಳ ಉಪಯುಕ್ತವಾದ ಸಂಗತಿ” ಎಂದ. ಕೊಡುವುದು ಸಾಧ್ಯವಿಲ್ಲ, ಕ್ರಮಬದ್ಧವಾಗಿ ಕೊಂಡದ್ದು ಎಂದ. ಮುಚ್ಚಳದ ವಿಷಯ ಯೋಚಿಸೋಣ ಎಂದ. ಆಮೇಲೆ ಪಾರವ್ವನ ಕೊರಳಿನತ್ತ ಕಣ್ಣು ಹಾಯಿಸಿ, “ನಿಮ್ಮ ಪತ್ನಿಯವರಲ್ಲಿಯೂ ಇಂಥದಿದೆಯೇ? ಒಳ್ಳೆಯ ಬೆಲೆ ಕೊಡಬಹುದು” ಎಂದ.

“ಏನಂತಾನ್ರಿ?” ಎಂದು ಪಾರವ್ವ ಕೇಳಿದಳು. ಹೇಳಿದೆ. ಆಕೆ ಎದ್ದು ನಿಂತಳು.

“ನನ್ನ ಕುತಿಗಿ ಕಡದು ಅದರ ಸಂಗಾಟ ಒಯ್ಯಂತ ಹೇಳ್ರಿ ಆ ಭಾಡ್ಯಾಗ!”

ಭಾಷಾಂತರಿಸದೆ ಹೊರಟುಬಂದೆ. ಇಂಥವರ ರಾಜ್ಯದಲ್ಲಿ ನಾವು ಬದುಕುತ್ತಿದ್ದೇವಲ್ಲ ಎಂದು ನನಗೆ ಹೇಸಿಗೆಯಾಯಿತು. ಕದ್ದವನು ಕದ್ದೆ ಎನ್ನುವುದಿಲ್ಲ, ಕೊಂಡೆ ಎನ್ನುತ್ತಾನೆ. ಮೇಲೆ ಕುರ್ಚಿ ಬೇರೆ ಕೊಡುತ್ತಾನೆ!

ಊರಿಗೆ ಹೊರಡುವ ಮುನ್ನಾದಿನ ಪಾರವ್ವ, “ಮುಚ್ಚಳ ಹಾಕ್ಯಾರೇನ ನೋಡೂನು ನಡೀರಿ” ಎಂದಳು. ನನಗೂ ಸಣ್ಣ ಆಸೆಯಿತ್ತು. ಹೋದೆವು.

ಮುಚ್ಚಳ ಹಾಕಿರಲಿಲ್ಲ. ಲಿಂಗವನ್ನೇ ಕರಡಿಗೆಯಿಂದ ಹೊರಗೆ ತೆಗೆದು, ಕೆಂಪು ಮಕಮಲ್ಲಿನ ಮೇಲೆ ಇಟ್ಟಿದ್ದರು. ಬಾಜೂಕ್ಕೆ ಬರಿದಾದ ಕರಡಿಗೆ. ಕತ್ತರಿಸಿದ ಶಿವದಾರವನ್ನು ನೀಟಾಗಿ ಎಳೆದು ಮುಂದೆ ಚಾಚಿದ್ದರು. ಹೊಸ ಚೀಟಿಯಲ್ಲಿ ನಾನು ಹೇಳಿದ್ದೆಲ್ಲವೂ ಇತ್ತು. ಜೀವವಿರುವ ತನಕ ಮೈಮೇಲಿಂದ ತೆಗೆಯುವುದಿಲ್ಲ. ಪರರಿಗೆ ತೋರಿಸುವುದಿಲ್ಲ. ಒಂದಕ್ಷರ ತಪ್ಪಿಲ್ಲ. ಮೊದಲು ಯಾರೂ ನಿಲ್ಲದಿದ್ದ ಆ ಪೆಟ್ಟಿಗೆಯ ಮುಂದೆ ಈಗ ಜನ ಬಗ್ಗಿ ಬಗ್ಗಿ ಓದುತ್ತಿದ್ದರು.

ಚೀಟಿಯನ್ನು ಓದಿ ಹೇಳಿದೆ. “ಅತ್ತರದ ಡಬ್ಬಿ ಅಂದಾಗನ ಚೊಲೋ ಇತ್ತಲ್ರಿ” ಎಂದಳು ಪಾರವ್ವ.

ಆಮೇಲೆ ಜನರನ್ನು ಸರಿಸಿಕೊಂಡು ಮುಂದೆ ಹೋದಳು. ಪೆಟ್ಟಿಗೆಗೆ ಬೆನ್ನು ಹಚ್ಚಿ ನಿಂತು, ಸೆರಗನ್ನು ಎರಡೂ ಕೈಯಿಂದ ಅಗಲಿಸಿ ಗಾಜನ್ನು ಮುಚ್ಚಿದಳು. ಕಾವಲುಗಾರ ಬಂದು ಸರಿಯಲು ಹೇಳಿದ. ಆಕೆಗೆ ತಿಳಿಸಿ ಹೇಳೆಂದು ನನ್ನನ್ನು ಕೇಳಿದ. “ನಾನು ಹೇಳುವುದಿಲ್ಲ” ಎಂದೆ. ಪರಹೆಂಗಸನ್ನು ಮುಟ್ಟಲು ಅವನಿಗೆ ಧೈರ್ಯವಾಗಲಿಲ್ಲ. ಕೆಲವರು ನಕ್ಕರು, ಕೆಲವರು ಗೊಣಗಿದರು. ನಾನೂ ಹೋಗಿ ಆಕೆಯ ಪಕ್ಕದಲ್ಲಿ ನಿಂತುಕೊಂಡೆ. ಬಾಗಿಲು ಹಾಕುವ ಗಂಟೆ ಬಾರಿಸುವ ತನಕ ಅಲ್ಲಿಂದ ಕದಲಲಿಲ್ಲ.

ಹೊರಗೆ ಬಂದು ಮೆಟ್ಟಿಲ ಮೇಲಿಂದ ತಿರುಗಿ ನೋಡಿದೆವು. ಒಂದೊಂದೇ ಕೋಣೆಯ ದೀಪ ಆರುತ್ತಿತ್ತು.

“ಈಗ ಯಾರಿಗೂ ಕಾಣಂಗಿಲ್ಲಲ್ರಿ?” ಎಂದಳು.

“ಇಲ್ಲ” ಎಂದೆ.

“ನಾಳಿ ಯಾರ ಅಡ್ಡ ನಿಂದ್ರತಾರ್ರಿ?”